ದೊಡ್ಡ ಶರ್ಟಿನಿಂದ ಅಳತೆಯ ಕುರ್ತಿ: ತೋಳು ಬಿಚ್ಚಿದರೆ ಮಾತ್ರ ಸರಿಹೋಗುತ್ತದೆ

ಗಂಡಸರ ಹಳೆ ಶರ್ಟನ್ನು ಕುರ್ತಿ ಮಾಡಿಕೊಳ್ಳಲು ಹೊರಟವರಲ್ಲಿ ಬಹಳಷ್ಟು ಮಂದಿ ಒಂದೇ ತಪ್ಪು ಮಾಡುತ್ತಾರೆ. ಶರ್ಟನ್ನು ಒಳಹೊರಗೆ ಮಾಡಿ ಹಾಕಿಕೊಂಡು, ಎರಡೂ ಪಕ್ಕ ಪಿನ್ನು ಚುಚ್ಚಿ, ಕಂಕುಳಿನಿಂದ ಕೆಳಗಿನವರೆಗೆ ಒಂದು ಹೊಲಿಗೆ ಎಳೆದುಬಿಡುತ್ತಾರೆ. ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತಾಗ ಚೆನ್ನಾಗಿಯೇ ಕಾಣುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದರೆ ಇಡೀ ಬಟ್ಟೆ ಸೊಂಟದಿಂದ ಮೇಲಕ್ಕೆ ಬರುತ್ತದೆ. ಭುಜದ ಹೊಲಿಗೆ ತೋಳಿನ ಮೇಲೆ ಜೋತು ಬಿದ್ದಿರುತ್ತದೆ. ಎರಡು ಸಲ ಹಾಕಿ ಬೀರುವಿನ ಮೂಲೆಗೆ ತಳ್ಳುತ್ತಾರೆ. ಒಳ್ಳೆಯ ಕಾಟನ್ ಹೀಗೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಳತೆ ಕಡಿಮೆ ಮಾಡುವ ಕೆಲಸ ಭುಜದಿಂದ ಶುರುವಾಗಬೇಕು. ಪಕ್ಕದ ಹೊಲಿಗೆ ಕೊನೆಗೆ ಬರುತ್ತದೆ.

ಶರ್ಟು ಆರಿಸುವುದು

ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ನಡೆದರೆ ಸಂಡೆ ಬಜಾರ್ ಸಿಗುತ್ತದೆ. ಅಲ್ಲಿ ಹಳೆ ಶರ್ಟುಗಳಿಗೆ ಬರವಿಲ್ಲ. ಮನೆಯಲ್ಲೇ ಅಪ್ಪನದೋ ಅಣ್ಣನದೋ ಇದ್ದರೆ ಇನ್ನೂ ಒಳ್ಳೆಯದು. ಟೇಪ್ ಜೊತೆಗಿರಲಿ. ನಿಮ್ಮ ಎದೆ ಸುತ್ತಳತೆ 36 ಇಂಚಾದರೆ ಶರ್ಟಿನದು 46 ಇಂಚಾದರೂ ಇರಬೇಕು. ಇಷ್ಟು ದೊಡ್ಡದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಶರ್ಟನ್ನು ಬಿಸಿಲಿಗೆ ಹಿಡಿದು ಬೆನ್ನು, ಕಂಕುಳು, ಮೊಣಕೈ ನೋಡಿ. ಬಟ್ಟೆ ತೆಳುವಾಗಿ ಬೆಳಕು ಹೆಚ್ಚಾಗಿ ಬರುತ್ತಿದ್ದರೆ ಬಿಟ್ಟುಬಿಡಿ. ಕಾಲರ್ ಮಾತ್ರ ಸವೆದಿದ್ದರೆ ಚಿಂತೆ ಬೇಡ. ಮಡಚುವ ಭಾಗವನ್ನು ಬಿಚ್ಚಿ ತೆಗೆದು, ಕೆಳಗಿನ ಪಟ್ಟಿಯನ್ನು ಮತ್ತೆ ಹೊಲಿದರೆ ಚೈನೀಸ್ ಕಾಲರ್ ಆಗುತ್ತದೆ. ಕುರ್ತಿಗೆ ಅದೇ ಲಕ್ಷಣ.

ಕಾಟನ್ ಹೌದೋ ಅಲ್ಲವೋ ಗೊತ್ತಾಗದಿದ್ದರೆ ಮನೆಗೆ ತಂದ ಮೇಲೆ ಒಳಗಿನ ಅಂಚಿನಿಂದ ಒಂದೆಳೆ ಕಿತ್ತು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಕಾಟನ್. ಕರಗಿ ಗಟ್ಟಿ ಗುಂಡು ಕಟ್ಟಿಕೊಂಡರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಶರ್ಟಿಗೆ ಇಷ್ಟು ಶ್ರಮ ಹಾಕಬೇಡಿ. ಬೆವರು ಹೀರಲ್ಲ, ಇಸ್ತ್ರಿಗೆ ಮಡಿಕೆ ಸರಿಯಾಗಿ ಕೂರಲ್ಲ.

ಬಿಸಿನೀರಲ್ಲಿ ನೆನೆಸಿ, ಒಗೆದು, ಒಣಗಿಸಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಬೇಡಿ. ಬಣ್ಣ ಬಿಡುವ ಬಟ್ಟೆ ಉಪ್ಪು ಹಾಕಿದರೂ ಬಿಡುತ್ತದೆ.

ಬಿಚ್ಚುವುದು

ಶರ್ಟು ಹೊಲಿಯುವಾಗ ಸಾಮಾನ್ಯವಾಗಿ ಮೊದಲು ತೋಳು ಕೂರಿಸುತ್ತಾರೆ. ಆಮೇಲೆ ಕೆಳಗಿನ ಅಂಚಿನಿಂದ ಕಂಕುಳು ದಾಟಿ ಕಫ್ಫಿನವರೆಗೆ ಒಂದೇ ಹೊಲಿಗೆಯಲ್ಲಿ ಮುಚ್ಚುತ್ತಾರೆ. ಬಿಚ್ಚುವಾಗ ಇದೇ ಕ್ರಮ ತಿರುಗುಮುರುಗಾಗಬೇಕು: ಮೊದಲು ಪಕ್ಕ, ಆಮೇಲೆ ತೋಳು. ಒಂದು ಬದಿಯಲ್ಲಿ ಮೂರ್ನಾಲ್ಕು ಹೊಲಿಗೆಗೊಂದರಂತೆ ದಾರ ಕತ್ತರಿಸುತ್ತಾ ಹೋಗಿ, ಇನ್ನೊಂದು ಬದಿಯ ದಾರ ಎಳೆದರೆ ಉದ್ದಕ್ಕೂ ಬಿಟ್ಟುಕೊಳ್ಳುತ್ತದೆ. ಅರ್ಧ ಬ್ಲೇಡ್ ಬೇಡ, ಬಟ್ಟೆ ಕೊಯ್ದುಹೋಗುತ್ತದೆ. ಹೊಲಿಗೆ ಬಿಚ್ಚಲೆಂದೇ ಇರುವ ಪುಟ್ಟ ಸಾಧನ, ಸೀಮ್ ರಿಪ್ಪರ್ ಕೊಂಡುಕೊಳ್ಳಿ, ಜಾಸ್ತಿ ದುಡ್ಡಿನದಲ್ಲ. ಶರ್ಟು ತುಂಬಾನೇ ದೊಡ್ಡದಿದ್ದರೆ ಬಿಚ್ಚುವ ತಾಪತ್ರಯ ಬಿಟ್ಟು, ಹೊಲಿಗೆಯ ಪಕ್ಕದಲ್ಲೇ ಕತ್ತರಿ ಹಾಕಿ. ಈ ಅಡ್ಡದಾರಿಗೆ ನನ್ನ ಒಪ್ಪಿಗೆ ಇದೆ.

ಜೇಬು ಮಾತ್ರ ಅವಸರದಲ್ಲಿ ಕೀಳಬೇಡಿ. ಅದರ ಕೆಳಗಿನ ಬಟ್ಟೆ ಬಿಸಿಲು ಕಂಡಿರಲ್ಲ. ಜೇಬು ತೆಗೆದ ಕೂಡಲೇ ಗಾಢ ಬಣ್ಣದ ಒಂದು ಚೌಕ, ಸುತ್ತ ಸೂಜಿ ತೂತಿನ ಸಾಲು ಎದ್ದು ಕಾಣುತ್ತದೆ. ಆ ಚೌಕ ತೊಳೆದರೆ ಹೋಗಲ್ಲ. ಜೇಬು ಇರಲಿ ಬಿಡಿ, ಮೆಟ್ರೋ ಕಾರ್ಡಿಗೆ ಆಗುತ್ತದೆ.

ಭುಜ ಮತ್ತು ಕಂಕುಳು

ಇಲ್ಲಿಗೆ ಬಂದಾಗ ಸಮಯ ಇಟ್ಟುಕೊಂಡು ಕೂರಿ. ಬಿಚ್ಚಿದ ತುಂಡುಗಳಿಗೆಲ್ಲ ಇಸ್ತ್ರಿ ಮಾಡಿ. ಗುಂಡಿ ಎಲ್ಲ ಹಾಕಿ, ಬೆನ್ನಿನ ನಡುಗೆರೆಗೆ ಸರಿಯಾಗಿ ಶರ್ಟನ್ನು ಉದ್ದಕ್ಕೆ ಮಡಚಿ. ನಿಮಗೆ ಚೆನ್ನಾಗಿ ಕೂರುವ ಒಂದು ಕುರ್ತಿಯನ್ನೂ ಹಾಗೇ ಮಡಚಿ ಅದರ ಮೇಲಿಡಿ. ನಡುಗೆರೆಗೆ ನಡುಗೆರೆ, ಭುಜಕ್ಕೆ ಭುಜ.

ಭುಜ ಎಲ್ಲಿದೆ ಅನ್ನುವುದರಲ್ಲೇ ಜನ ಎಡವುತ್ತಾರೆ. ಗಂಡಸರ ಶರ್ಟಿನಲ್ಲಿ ಬೆನ್ನ ಮೇಲಿನ ಪಟ್ಟಿ, ಅಂದರೆ ಯೋಕ್, ಭುಜ ದಾಟಿ ಸುಮಾರು ಒಂದು ಇಂಚು ಮುಂದಕ್ಕೆ ಬಂದಿರುತ್ತದೆ. ಆ ಹೊಲಿಗೆಯನ್ನೇ ಭುಜ ಅಂದುಕೊಂಡು ಕುರ್ತಿ ಇಟ್ಟರೆ ತೋಳಿನ ನೆತ್ತಿ, ಅಂದರೆ ಭುಜಕ್ಕೆ ಕೂರುವ ಮೇಲ್ತುದಿ, ಮುಂದಕ್ಕೆ ಹೋಗುತ್ತದೆ. ಶರ್ಟನ್ನು ಚಪ್ಪಟೆಯಾಗಿ ಹಾಸಿದಾಗ ಮೇಲೆ ತಾನಾಗಿ ಮಡಿಕೆ ಬೀಳುತ್ತದಲ್ವಾ, ಅದು ನಿಜವಾದ ಭುಜ.

ಈಗ ಕುರ್ತಿಯ ಆರ್ಮ್‌ಹೋಲ್ (ತೋಳು ಕೂರಿಸುವ ಬಾಗು) ಗುಂಟ ಚಾಕಿನಲ್ಲಿ ಗೆರೆ ಎಳೆಯಿರಿ. ಅಂದಾಜಿನಲ್ಲಿ ಬಾಗಿಸಬೇಡಿ. ಕುರ್ತಿಯ ಬೆನ್ನಿನ ಕಡೆಯ ಬಾಗನ್ನು ತೆಗೆದುಕೊಂಡು, ಹೊರಗೆ ಹೊಲಿಗೆಗೆಂದು ಅರ್ಧ ಇಂಚು ಮಾರ್ಜಿನ್ ಬಿಟ್ಟು, ಮುಂದು-ಹಿಂದು ಎರಡನ್ನೂ ಒಟ್ಟಿಗೆ ಕತ್ತರಿಸಿ. ಆಮೇಲೆ ಮುಂಭಾಗವನ್ನು ಮಾತ್ರ ಎತ್ತಿಕೊಂಡು ನಡುವಿನ ಬಾಗಿನಲ್ಲಿ ಇನ್ನೂ ಅರ್ಧ ಇಂಚು ಒಳಕ್ಕೆ ಕೆತ್ತಿ. ಇದನ್ನು ಬಿಟ್ಟರೆ ಎದೆಯ ಪಕ್ಕದಲ್ಲಿ ಬಟ್ಟೆ ಉಬ್ಬಿ ನಿಲ್ಲುತ್ತದೆ.

ಆರ್ಮ್‌ಹೋಲಿನ ತಳ ನಿಮ್ಮ ಕಂಕುಳಿನಿಂದ ಒಂದು ಇಂಚು ಕೆಳಗಿದ್ದರೆ ಸಾಕು. ಅದು ಕೆಳಗಿಳಿದಷ್ಟೂ ಕೈ ಎತ್ತಿದಾಗ ಮೈಯ ಬಟ್ಟೆ ಮೇಲೇಳುತ್ತದೆ. ಶರ್ಟು ದೊಡ್ಡದಿರಲಿ ಅಂದದ್ದು ಇದಕ್ಕೇ. ಹಳೆಯ ಆರ್ಮ್‌ಹೋಲ್ ಭುಜದಿಂದ ಹೊರಕ್ಕೆ, ಕೆಳಕ್ಕೆ ಇಳಿಯುತ್ತದೆ. ನೀವು ಒಳಕ್ಕೆ ಬಂದಷ್ಟೂ ಬಟ್ಟೆ ಎತ್ತರದವರೆಗೆ ಸಿಗುತ್ತದೆ, ಕಂಕುಳನ್ನು ಮೇಲೇರಿಸಬಹುದು. ಎರಡೇ ಇಂಚು ದೊಡ್ಡ ಶರ್ಟಿನಲ್ಲಿ ಆ ಜಾಗದ ಬಟ್ಟೆ ಮೊದಲೇ ಕತ್ತರಿಸಿ ಹೋಗಿರುತ್ತದೆ, ಏನೂ ಮಾಡಲಾಗದು.

ತೋಳಿಗೂ ಕುರ್ತಿಯ ತೋಳನ್ನೇ ಮೇಲಿಟ್ಟು ನೆತ್ತಿಯ ಬಾಗು ಕತ್ತರಿಸಿ. ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಅಳೆಯಿರಿ. ತೋಳಿನ ಬಾಗು ಆರ್ಮ್‌ಹೋಲಿಗಿಂತ ಅರ್ಧದಿಂದ ಒಂದು ಇಂಚು ಜಾಸ್ತಿ ಇರಬೇಕು. ಅದಕ್ಕಿಂತ ಹೆಚ್ಚಾದರೆ ನೆರಿಗೆ ಬೀಳುತ್ತದೆ. ಎಡ ಬಲ ಅದಲು ಬದಲಾಗದಂತೆ ನೋಡಿ: ಕಫ್ಫಿನ ಸೀಳು ಹಿಂಬದಿಗೆ ಬರಬೇಕು. ತೋಳು ಕೊಂಚ ಗಿಡ್ಡವಾಗುತ್ತದೆ. ಮುಕ್ಕಾಲು ತೋಳೇ ಕುರ್ತಿಗೆ ಚೆನ್ನ ಅನ್ನುವವಳು ನಾನು.

ಮಿಷನ್ನಿಗೆ ಕೊಡುವ ಮುಂಚೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ. ಬೇರೆ ಬಣ್ಣದ ದಾರವಾದರೆ ಕೀಳಲು ಸುಲಭ. ನೆತ್ತಿಯ ನಡುವಿನಿಂದ ಶುರುಮಾಡಿ ಎರಡೂ ಕಡೆ ಇಳಿಯಿರಿ. ಪಕ್ಕಕ್ಕೂ ಕಚ್ಚಾ ಹೊಲಿಗೆ ಹಾಕಿ, ಎದೆಯ ಸುತ್ತ ಮೈ ಅಳತೆಗಿಂತ ನಾಲ್ಕು ಇಂಚು ಸಡಿಲ ಬಿಡಿ. ಈಗ ಹಾಕಿಕೊಂಡು ಬಸ್ಸಿನ ಕಂಬಿ ಹಿಡಿದಂತೆ ಕೈ ಎತ್ತಿ. ಸ್ಕೂಟರ್ ಹ್ಯಾಂಡಲ್ ಹಿಡಿದಂತೆ ಎರಡೂ ಕೈ ಮುಂದೆ ಚಾಚಿ. ಬೆನ್ನು ಬಿಗಿದರೆ ಹಿಂದಿನ ಮಾರ್ಜಿನ್ ಸ್ವಲ್ಪ ಬಿಟ್ಟುಕೊಡಿ. ಸರಿ ಅನ್ನಿಸಿದ ಮೇಲೆ 14ನೇ ನಂಬರಿನ ಸೂಜಿಯಲ್ಲಿ ಹೊಲಿಯಿರಿ, ತೀರಾ ತೆಳು ಬಟ್ಟೆಗೆ 11.

ಉಳಿದದ್ದು

ಸೊಂಟದ ಕೆಳಗೆ ಬಿಗಿಯಾದರೆ ಪಕ್ಕದಲ್ಲಿ ಸೀಳು ಬಿಡಿ. ಉದ್ದ ಸಾಲದಿದ್ದರೆ ಇನ್ನೊಂದು ಶರ್ಟಿನ ಕೆಳಭಾಗ ಜೋಡಿಸಿ. ಎದೆಯ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಟ್ಟರೆ ಒಳಗಿನಿಂದ ಒಂದು ಟಿಚ್ ಬಟನ್ ಹಾಕಿ. ಗುಂಡಿ, ಲೇಸು ಬೇಕಾದರೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಇದೆ. ಒಳ ಅಂಚು ಎಳೆ ಬಿಡದಂತೆ ಹಾಕುವ ಓವರ್‌ಲಾಕನ್ನು ಬೀದಿಯ ಫಾಲ್-ಪಿಕೋ ಅಂಗಡಿಯಲ್ಲಿ ಮಾಡಿಸಿ.

ಆನ್‌ಲೈನಿನಲ್ಲಿ ಸಿಗುವ ಅಂಗೈ ಅಗಲದ ಬ್ಯಾಟರಿ ಮಿಷನ್ ಕೊಳ್ಳಬೇಡಿ. ಅದು ಹಾಕುವುದು ಒಂದೇ ದಾರದ ಸರಪಳಿ ಹೊಲಿಗೆ. ತುದಿ ಸಡಿಲವಾದರೆ ಒಂದು ಎಳೆತಕ್ಕೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಇಸ್ತ್ರಿಯಲ್ಲಿ ಅಂಟಿಸುವ ಅಂಚಿನ ಟೇಪೂ ಬೇಡ, ನಾಲ್ಕು ಸಲ ಒಗೆದರೆ ಮೇಲೇಳುತ್ತದೆ.

ಮನೆಯಲ್ಲಿ ಮಿಷನ್ ಇಲ್ಲದವರು ಆಲ್ಟರೇಷನ್ ಮಾಡುವವರ ಹತ್ತಿರ ಹೋಗುವಾಗ "ಸ್ವಲ್ಪ ಟೈಟ್ ಮಾಡಿಕೊಡಿ" ಅಂತ ಸುಮ್ನೆ ಹೇಳಿ ಬರಬೇಡಿ. ಹಾಗೆ ಹೇಳಿದರೆ ಪಕ್ಕದಲ್ಲೇ ಹೊಲಿಗೆ ಬೀಳುತ್ತದೆ. "ಅಣ್ಣಾ, ತೋಳು ಬಿಚ್ಚಿ, ಭುಜ ಒಳಗೆ ತಗೊಂಡು ಮತ್ತೆ ಕೂರಿಸಿ" ಅನ್ನಿ. ಕೂಲಿ ಜಾಸ್ತಿ ಕೇಳುತ್ತಾರೆ, ಕೊಡಿ. ಅಳತೆಗೆ ನಿಮ್ಮ ಕುರ್ತಿಯನ್ನೂ ಜೊತೆಗೇ ಇಟ್ಟು ಬನ್ನಿ.