ರೇಸ್ ಬಿಟ್ಟ ಕುದುರೆಗೆ ಡ್ರೆಸ್ಸೇಜ್ ಕಲಿಸಬೇಕಾ? ಮೊದಲು ಅದರ ಬೆನ್ನು ನೋಡಿ

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸ್ಸೇಜ್ (ಸವಾರರ ಸಣ್ಣ ಸೂಚನೆಗೆ ಕುದುರೆ ನಿಖರವಾಗಿ ಹೆಜ್ಜೆ ಹಾಕುವ ಕಲೆ) ತಂಡ ಚಿನ್ನ ಗೆದ್ದಿತಲ್ಲ, 41 ವರ್ಷದ ನಂತರ ಕುದುರೆ ಸವಾರಿಯಲ್ಲಿ ಬಂದ ಚಿನ್ನ ಅದು. ಆಮೇಲೆ ನನ್ನ ಹತ್ತಿರ ಇದರ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಆದರೆ ಆ ತಂಡದವರು ಯುರೋಪಿನಲ್ಲಿದ್ದು ಕಲಿತವರು. ಬೆಂಗಳೂರಿನಲ್ಲಿ ನಮಗೆ ಸಿಗುವುದು ಎಷ್ಟೋ ಸಲ ರೇಸ್ ಬಿಟ್ಟು ಬಂದ ಥರೋಬ್ರೆಡ್, ಅಂದರೆ ರೇಸಿಗೆಂದೇ ಬೆಳೆಸಿದ ತಳಿಯ ಕುದುರೆ. ಅದಕ್ಕೆ ಅದರದೇ ದಾರಿ ಬೇಕು.

ರೇಸ್ ಕುದುರೆಗೆ ಲಗಾಮು ಬಿಗಿಯಾದರೆ ಕಡಿವಾಣಕ್ಕೆ ಒರಗಿಕೊಂಡು ಓಡುವುದೇ ಅಭ್ಯಾಸ. ನೀವು ನಿಲ್ಲಿಸಬೇಕು ಎಂದು ಎಳೆಯುತ್ತೀರಿ, ಅದು ಇನ್ನೂ ಜೋರಾಗಿ ಹೋಗುತ್ತದೆ. ಹಟ ಮಾಡುತ್ತಿದೆ ಎಂದುಕೊಳ್ಳಬೇಡಿ, ಅಲ್ಲಿ ಅದಕ್ಕೆ ಕಲಿಸಿದ್ದೇ ಹಾಗೆ.

ಎರಡು ವರ್ಷದ ಹಿಂದೆ ಒಂದು ಕಂದು ಹೆಣ್ಣುಕುದುರೆ ನನ್ನ ಕೈಗೆ ಬಂತು. ಎಡಕ್ಕೆ ತಿರುಗುವುದಿಲ್ಲ, ಮೊಂಡು ಎಂದು ಹೇಳಿಯೇ ಕೊಟ್ಟಿದ್ದರು. ನಾನೂ ನಂಬಿದೆ, ಕಾಲಿನಿಂದ ಜೋರಾಗಿ ಒತ್ತಿದೆ, ಒಂದೆರಡು ಸಲ ಚಾಟಿಯನ್ನೂ ಮುಟ್ಟಿಸಿದೆ, ಇವತ್ತಿಗೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಬೆಳಿಗ್ಗೆ ಜೀನು ಇಳಿಸಿದ ಸೈಸ್ (ಕುದುರೆ ನೋಡಿಕೊಳ್ಳುವವರು) ನನ್ನನ್ನು ಕರೆದು, "ಇಲ್ಲಿ ನೋಡಿ ಸಾರ್" ಎಂದರು. ಬೆನ್ನೆಲ್ಲಾ ಬೆವರಿನಿಂದ ಒದ್ದೆ, ಎಡ ಭುಜದ ಹಿಂದೆ ಮಾತ್ರ ಅಂಗೈಯಗಲ ಜಾಗ ಒಣಗಿತ್ತು. ಅಲ್ಲಿ ಬೆರಳಿಟ್ಟ ತಕ್ಷಣ ಚರ್ಮ ನಡುಗಿತು, ಕಿವಿ ಹಿಂದಕ್ಕೆ ಅಂಟಿಕೊಂಡಿತು. ಜೀನು ಅಷ್ಟು ದಿನ ಅಲ್ಲೇ ಒತ್ತುತ್ತಿತ್ತು. ಮೂರು ವಾರ ಯಾರೂ ಹತ್ತಲಿಲ್ಲ, ಹಗ್ಗ ಹಿಡಿದು ನಡೆಸಿದೆವು, ಜೀನು ಬದಲಾಯಿಸಿದೆವು. ಆಮೇಲೆ ಎಡಕ್ಕೆ ತಾನಾಗಿ ತಿರುಗಿತು.

ಅದಕ್ಕೇ ಹತ್ತುವ ಮುಂಚೆ ಬೆನ್ನಿನ ಎರಡೂ ಕಡೆ ಅಂಗೈಯಿಂದ ನಿಧಾನವಾಗಿ ಒತ್ತುತ್ತಾ ಹೋಗಿ. ಹಲ್ಲು, ಗೊರಸು ಎರಡನ್ನೂ ಪಶುವೈದ್ಯರಿಗೆ ತೋರಿಸಿ. ಮೂಗಿನ ಮೂಳೆಯ ಮೇಲೆ, ಮೂಗುಪಟ್ಟಿಯ ಕೆಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು.

ಇನ್ನು ಕೆಲಸ. ಮೊದಲ 10-15 ನಿಮಿಷ ಲಗಾಮು ಉದ್ದ ಬಿಟ್ಟು ಸುಮ್ನೆ ನಡೆಸಿ. ನಂತರ 20 ಮೀಟರ್ ಅಗಲದ ಸುತ್ತಿನಲ್ಲಿ ಟ್ರಾಟ್, ಅಂದರೆ ನಡಿಗೆಗಿಂತ ಚುರುಕಾದ ಕುಲುಕು ಓಟ. ಕುದುರೆ ಅವಸರ ಮಾಡಿದರೆ ಎಳೆಯಬೇಡಿ, ಜೀನಿನಿಂದ ನೀವು ಏಳುವುದು ಕೂರುವುದನ್ನು ನಿಧಾನ ಮಾಡಿ, ಉಸಿರು ಪೂರ್ತಿ ಹೊರಗೆ ಬಿಡಿ. ನಾಲ್ಕೈದು ಸುತ್ತು ಬೇಕಾಗಬಹುದು, ಕೆಲವಕ್ಕೆ ನಾಲ್ಕೈದು ದಿನವೇ ಬೇಕು. ಅದು ಕುತ್ತಿಗೆ ಇಳಿಸಿ ಮೂಗಿನಿಂದ ಬುಸ್ ಎಂದು ಉಸಿರು ಬಿಟ್ಟಾಗ ಸುತ್ತಿನ ಒಳಬದಿಯ ಕೈಯನ್ನು ಕುದುರೆ ಎರಡು ಹೆಜ್ಜೆ ಹಾಕುವಷ್ಟು ಹೊತ್ತು ಮುಂದಕ್ಕೆ ಚಾಚಿ ಲಗಾಮು ಸಡಿಲಿಸಿ ನೋಡಿ. ವೇಗ ಬದಲಾಗದೆ ಹಾಗೇ ನಡೆದರೆ ನಿಮ್ಮ ಕೈಯನ್ನು ಅದು ನಂಬಲು ಶುರು ಮಾಡಿದೆ ಎಂದು ಲೆಕ್ಕ. ಪಕ್ಕಕ್ಕೆ ಸರಿಯಲು ಕಾಲಿನಿಂದ ಒತ್ತಿದಿರಾ? ಒಂದು ಹೆಜ್ಜೆ ಕೊಟ್ಟ ಕ್ಷಣವೇ ಕಾಲು ಸಡಿಲಿಸಿ. ಆ ಸಡಿಲಿಕೆಯಿಂದಲೇ ಅದಕ್ಕೆ "ಸರಿ, ಇದೇ" ಎಂದು ಗೊತ್ತಾಗುವುದು, ತಡವಾಗಿ ಬಿಟ್ಟರೆ ಏನು ಕೇಳಿದಿರಿ ಎಂದೇ ಅರ್ಥವಾಗುವುದಿಲ್ಲ.

ಕುದುರೆಯ ತಲೆ ಎಲ್ಲಿರಬೇಕು ಎಂಬ ಚಿಂತೆ ಈಗಲೇ ಬೇಡ. ಜರ್ಮನ್ನರ ಹಳೆಯ ಕ್ರಮದಲ್ಲೂ ಮೊದಲು ಲಯ, ಆಮೇಲೆ ಮೈ ಸಡಿಲವಾಗುವುದು, ಅದಾದ ಮೇಲೆ ಕಡಿವಾಣದ ಜೊತೆ ಮೃದುವಾದ ಸಂಪರ್ಕ. ಕುತ್ತಿಗೆಯನ್ನು ಬಲವಂತವಾಗಿ ಎದೆಗೆ ಮಡಿಸುವುದನ್ನು ಒಪ್ಪುವುದಿಲ್ಲ ಎಂದು ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2010ರಲ್ಲೇ ಹೇಳಿದೆ. ಆದರೂ ಫೋಟೋ ಚೆಂದ ಬರಲಿ ಎಂದು ಎಳೆಯುವವರನ್ನು ಕಂಡರೆ ನನಗೆ ತಡೆಯಲು ಆಗುವುದಿಲ್ಲ, ಹೋಗಿ ಹೇಳಿಯೇ ಬಿಡುತ್ತೇನೆ.

ಸವಾರರ ಮೈಯನ್ನೂ ಹೀಗೇ ನೋಡಬೇಕು, ಅಲ್ವಾ? ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಒಬ್ಬರು ಬರುತ್ತಾರೆ. ಅವರು ಹತ್ತಿದರೆ ಯಾವ ಕುದುರೆಯಾದರೂ ಬಲಕ್ಕೆ ಎಳೆಯುತ್ತಿತ್ತು. ಗಟ್ಟಿ ಕುರ್ಚಿಯ ಮೇಲೆ ಕೂರಿಸಿ ಎರಡೂ ಅಂಗೈಗಳನ್ನು ಪೃಷ್ಠಕ್ಕೂ ಕುರ್ಚಿಗೂ ನಡುವೆ ಇಟ್ಟುಕೊಳ್ಳಿ ಎಂದೆ. ಬಲಗೈ ಮೇಲೆ ಭಾರ ಜಾಸ್ತಿ ಎಂದು ಅವರೇ ಹೇಳಿದರು. ಅವರಿಗೆ ಬೈದರೆ ಏನು ಪ್ರಯೋಜನ? ಐದು ನಿಮಿಷಕ್ಕೊಮ್ಮೆ ಪಾದ ಊರುವ ರಿಕಾಪಿನಿಂದ ಕಾಲು ತೆಗೆದು ಇಳಿಬಿಟ್ಟು, ಸುಮ್ನೆ ಕುದುರೆಯ ಹೆಜ್ಜೆ ಲೆಕ್ಕ ಹಾಕಲು ಹೇಳಿದೆ. ಬಿದ್ದು ಹೆದರಿದ್ದ ಇನ್ನೊಬ್ಬ ಹುಡುಗನಿಗೆ ಇದು ಬೇಕಿರಲಿಲ್ಲ. ಅವನು ಎರಡು ವಾರ ಕುದುರೆಯ ಮೈ ಉಜ್ಜಿದ, ಮೇವು ಹಾಕಿದ, ಜೊತೆಯಲ್ಲಿ ನಡೆದ. ಒಂದು ದಿನ ತಾನೇ ಹತ್ತುತ್ತೇನೆ ಎಂದ.

ಶುರುವಿನ ತಿಂಗಳುಗಳಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಕೇಳಿದ್ದನ್ನು ಒಮ್ಮೆ ಚೆನ್ನಾಗಿ ಕೊಟ್ಟರೆ ಅಲ್ಲಿಗೇ ನಿಲ್ಲಿಸಿ ಇಳಿಯಿರಿ, ಹೊಟ್ಟೆಪಟ್ಟಿ ಒಂದು ತೂತು ಸಡಿಲಿಸಿ, ಲಾಯದವರೆಗೆ ಜೊತೆಯಲ್ಲೇ ನಡೆಯಿರಿ. ಮಾರನೆಯ ದಿನ ಜೀನು ಹಿಡಿದು ಹೋದಾಗ ಅದು ಕಿವಿ ಮುಂದೆ ಮಾಡಿ ನಿಮ್ಮತ್ತ ಬರುತ್ತದಾ, ಇಲ್ಲಾ ಗೋಡೆಗೆ ಮುಖ ತಿರುಗಿಸುತ್ತದಾ ನೋಡಿ. ತಿರುಗಿಸಿದರೆ ಜೀನು ಹೊರಗೇ ಇಟ್ಟು ಬನ್ನಿ, ಬೆನ್ನಿನ ಮೇಲೆ ಮತ್ತೆ ಕೈಯಾಡಿಸಿ.