ಕ್ಯಾನ್ಸರ್ ಸಂಶೋಧನೆಯ ಪ್ರಿಂಟು ಹಿಡಿದು ಡಾಕ್ಟರ ಹತ್ತಿರ ಹೋಗುವ ಮುಂಚೆ

ಹಾಸನದ ದೊಡ್ಡಾಸ್ಪತ್ರೆ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ದಿನಕ್ಕೆ ಒಬ್ಬರಾದರೂ ಮೊಬೈಲ್ ಚಾಚುತ್ತಾರೆ. ‘ಅಣ್ಣ, ವಾಟ್ಸ್‌ಆಪಲ್ಲಿ ಬಂದಿದೆ, ಒಂದು ಪ್ರಿಂಟ್ ಕೊಡಿ, ಡಾಕ್ಟ್ರಿಗೆ ತೋರಿಸ್ಬೇಕು.’ ನೋಡಿದರೆ ಕ್ಯಾನ್ಸರಿಗೆ ಹೊಸ ಇಂಜೆಕ್ಷನ್ ಅನ್ನೋ ಸುದ್ದಿ. ನಾನೂ ಸುಮ್ನೆ ದುಡ್ಡು ತಗೊಂಡು ಕಳಿಸುತ್ತಿದ್ದೆ. ಆಮೇಲೆ ನಮ್ಮವ್ವನ ಬಾಯಿ ಕ್ಯಾನ್ಸರ್ ಆಪರೇಷನ್ ಆದ ಎರಡನೇ ವರ್ಷಕ್ಕೆ ಮರಳಿ ಬಂತು. ಆಗ ನಾನೇ ಅಂಥದ್ದೊಂದು ಪ್ರಿಂಟು ಹಿಡಿದು ಬೆಂಗಳೂರು ರೈಲು ಹತ್ತಿದೆ. ಡಾಕ್ಟ್ರು ಓದಿ, ‘ಇದು ಚರ್ಮದ ಕ್ಯಾನ್ಸರ್‌ದು ಕಣ್ರೀ’ ಅಂತ ವಾಪಸ್ ಕೊಟ್ಟರು. ಬರುವಾಗ ಕುಣಿಗಲ್ ದಾಟುವವರೆಗೂ ಅವ್ವನ ಮುಖ ನೋಡಲು ಆಗಲಿಲ್ಲ.

ಹಾಗಾಗಿ ಈಗ ಪ್ರಿಂಟ್ ಒತ್ತುವ ಮುಂಚೆ ಎಲ್ಲರನ್ನೂ ಎರಡು ನಿಮಿಷ ಕೂರಿಸುತ್ತೇನೆ.

ಸುದ್ದಿ ಬೇಡ, ಮೂಲ ಹುಡುಕಿ. ಸುದ್ದಿಯೊಳಗೆ ಔಷಧಿಯ ಹೆಸರು, ಸಂಶೋಧನೆ ನಡೆದ ಆಸ್ಪತ್ರೆಯ ಹೆಸರು ಸಾಮಾನ್ಯವಾಗಿ ಇರುತ್ತದೆ. ಅವೆರಡನ್ನೂ ಇಂಗ್ಲಿಷಿನಲ್ಲಿ ಪಬ್‌ಮೆಡ್ ಅನ್ನೋ ವೆಬ್‌ಸೈಟಿನಲ್ಲಿ ಹಾಕಿ. ಅಮೆರಿಕ ಸರ್ಕಾರದ ವೈದ್ಯಕೀಯ ಗ್ರಂಥಾಲಯ ನಡೆಸುವ ಸಂಶೋಧನಾ ಲೇಖನಗಳ ಪಟ್ಟಿ ಅದು, ದುಡ್ಡು ಕೊಡಬೇಕಿಲ್ಲ. ಪೂರ್ತಿ ಲೇಖನ ಸಿಗದಿದ್ದರೂ ಒಂದು ಪುಟದ ಸಾರಾಂಶ ಸಿಗುತ್ತದೆ. ಇಂಗ್ಲಿಷ್ ಕಷ್ಟ ಅಂದರೆ ನೆಂಟರಲ್ಲಿ ನರ್ಸಿಂಗ್ ಓದುವ ಹುಡುಗಿ ಒಬ್ಬಳಾದರೂ ಇರುತ್ತಾಳೆ ಅಲ್ವಾ, ಅವಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ.

ಆ ಪುಟದಲ್ಲಿ ಕೆಂಪು ಪೆನ್ನಿನಿಂದ ಮೂರು ಕಡೆ ಸುತ್ತು ಹಾಕಿ. ಯಾವ ಕ್ಯಾನ್ಸರ್, ಯಾವ ಹಂತ. ಎಷ್ಟು ಜನ. ಯಾವುದರ ಜೊತೆ ಹೋಲಿಸಿ ನೋಡಿದರು. ಮೂರನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಎಡವಟ್ಟಾಗುವುದೂ ಅಲ್ಲೇ.

ನಮ್ಮವ್ವನಿಗೆ ಕೆಲಸಕ್ಕೆ ಬಂದ ಸಂಶೋಧನೆಯನ್ನೇ ನೋಡಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯದು. ತಲೆ, ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್ ಇದ್ದ 151 ಜನ. ಎಲ್ಲರಿಗೂ ಕಡಿಮೆ ಡೋಸಿನ ಕೀಮೋ ಸೇರಿದ ಮಾತ್ರೆಗಳು. ಅರ್ಧ ಜನಕ್ಕೆ ಮಾತ್ರೆ ಜೊತೆ ನಿವೊಲುಮಾಬ್ ಎಂಬ ಇಮ್ಯುನೋಥೆರಪಿ (ಮೈಯ ಕಾವಲು ಶಕ್ತಿಯನ್ನು ಕ್ಯಾನ್ಸರ್ ಮೇಲೆ ಎಬ್ಬಿಸುವ) ಇಂಜೆಕ್ಷನ್, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ. ಮಾಮೂಲಿ ಡೋಸು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಒಂದು ವರ್ಷ ಆದಮೇಲೆ ಬರೀ ಮಾತ್ರೆ ತಗೊಂಡವರಲ್ಲಿ ನೂರಕ್ಕೆ ಸುಮಾರು 16 ಜನ ಬದುಕಿದ್ದರು, ಇಂಜೆಕ್ಷನ್ನೂ ಸೇರಿದವರಲ್ಲಿ ಸುಮಾರು 43 ಜನ.

ಈಗ ಕೆಂಪು ಸುತ್ತು ನೋಡಿ. ಹೋಲಿಸಿದ್ದು ಬರೀ ಮಾತ್ರೆಯ ಜೊತೆ, ಪೂರ್ತಿ ಡೋಸಿನ ಇಂಜೆಕ್ಷನ್ ಜೊತೆ ಅಲ್ಲ. ‘ಕಡಿಮೆ ಡೋಸೂ ಒಂದೇ, ಪೂರ್ತಿ ಡೋಸೂ ಒಂದೇ’ ಅಂತ ಯಾರಾದರೂ ಹೇಳಿದರೆ, ಈ ಕಾಗದ ಹಾಗೆ ಹೇಳುವುದಿಲ್ಲ. ಇನ್ನೊಂದು, 43 ಅಂದರೆ ಉಳಿದ 57 ಜನ ಆ ವರ್ಷ ದಾಟಲಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಿಕೊಂಡು ಹೋಗಿ. ನಾನು ಮನೆಯಲ್ಲಿ ಹೇಳಿದೆ. ತಂಗಿ ಎದ್ದು ಹೊರಗೆ ಹೋದಳು. ಅವ್ವ ಮಾತ್ರ, ‘ಅಷ್ಟಾದ್ರೂ ಐತಲ್ಲ, ನಡಿ’ ಅಂದಳು.

ಅವ್ವನಿಗೂ ಅದೇ ಇಂಜೆಕ್ಷನ್ ಅಂತಾಯಿತು. ಬಾಟಲಿಯಲ್ಲಿ 40 ಮಿಲಿಗ್ರಾಂ ಇತ್ತು. ಅವ್ವನಿಗೆ ಬೇಕಿದ್ದದ್ದು ಅರ್ಧ. ಇನ್ನರ್ಧಕ್ಕೆ ಬರಬೇಕಿದ್ದ ಇನ್ನೊಬ್ಬ ಪೇಷಂಟ್ ಬರುವವರೆಗೂ ನರ್ಸಮ್ಮ ಸೀಲು ಒಡೆಯಲಿಲ್ಲ. ಖರ್ಚನ್ನೂ ಇಬ್ಬರೂ ಹಂಚಿಕೊಂಡೆವು. ನಿಮ್ಮ ಆಸ್ಪತ್ರೆಯಲ್ಲಿ ಹೀಗೆ ಮಾಡುತ್ತಾರಾ ಅಂತ ಮೊದಲೇ ಕೇಳಿ.

ಕೀಹೋಲ್ ಆಪರೇಷನ್ ವಿಷಯಕ್ಕೂ ಇದೇ ಕೆಂಪು ಪೆನ್ನು. ಸಣ್ಣ ತೂತು, ಬೇಗ ಮನೆಗೆ, ಹಾಗಾಗಿ ಅದೇ ಒಳ್ಳೆಯದು ಅಂತ ನಮ್ಮ ಲೆಕ್ಕ. ದೊಡ್ಡ ಕರುಳಿನ ಕ್ಯಾನ್ಸರಲ್ಲಿ 2004ರಲ್ಲಿ 872 ಜನರ ಅಧ್ಯಯನ ಬಂತು. ಕ್ಯಾನ್ಸರ್ ಮರಳುವ ವಿಷಯದಲ್ಲಿ ಕೀಹೋಲೂ, ಹೊಟ್ಟೆ ಕೊಯ್ದು ಮಾಡುವ ಆಪರೇಷನ್ನೂ ಸಮಸಮ. ಆದರೆ ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಆರಂಭದ ಹಂತದಲ್ಲಿ, 2018ರಲ್ಲಿ 631 ಹೆಂಗಸರ ಅಧ್ಯಯನ ಉಲ್ಟಾ ಹೇಳಿತು. ನಾಲ್ಕೂವರೆ ವರ್ಷಕ್ಕೆ ಹೊಟ್ಟೆ ಕೊಯ್ದು ಮಾಡಿದವರಲ್ಲಿ 96.5 ಶೇಕಡಾ ಕಾಯಿಲೆ ಇಲ್ಲದೆ ಇದ್ದರು, ಕೀಹೋಲ್ ಮತ್ತು ರೋಬೋಟ್ ಆಪರೇಷನ್ ಆದವರಲ್ಲಿ 86. ನಮ್ಮ ಚಿಕ್ಕಮ್ಮನ ಡಾಕ್ಟ್ರು ‘ಕೊಯ್ದೇ ಮಾಡೋಣ’ ಅಂದಾಗ, ಹಳೇ ಕಾಲದವರು ಅಂತ ನಾವೇ ಗೊಣಗಿದ್ದೆವು.

ಟ್ರಯಲ್‌ಗೆ, ಅಂದರೆ ಹೊಸ ಚಿಕಿತ್ಸೆಯನ್ನು ಪೇಷಂಟ್‌ಗಳ ಮೇಲೆ ಪರೀಕ್ಷಿಸುವ ಅಧ್ಯಯನಕ್ಕೆ, ಸೇರುವ ಮಾತು ಬಂದರೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸರ್ಕಾರಿ ಪಟ್ಟಿ) ನೋಂದಣಿ ನಂಬರ್ ಕೇಳಿ. 2009ರಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅನ್ನಿ, ಮನೆಗೆ ತಂದು ಓದಿ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಟ್ಟು ಬರಬಹುದು.

ಇನ್ನು ಇಂಜೆಕ್ಷನ್ ಶುರುವಾದ ಮೇಲಿನ ಮಾತು. ಇದನ್ನು ಮಾತ್ರ ಮರೆಯಬೇಡಿ. ಕ್ಯಾನ್ಸರ್ ಕಣ ‘ನಾನು ಮನೆಯವನೇ’ ಅಂತ ಮೈಯ ಕಾವಲು ಕಣಗಳನ್ನು ಸುಮ್ಮನಾಗಿಸುತ್ತದೆ. ನಮ್ಮವ್ವನಿಗೆ ಕೊಟ್ಟಂಥ ಔಷಧಿ ಆ ಆಟ ಕೆಡಿಸುತ್ತದೆ. ಈ ದಾರಿ ಕಂಡುಹಿಡಿದ ವಿಜ್ಞಾನಿಗಳಾದ ಅಲಿಸನ್ ಮತ್ತು ಹೊಂಜೊ ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ಆದರೆ ಸರಪಳಿ ಬಿಚ್ಚಿದ ತೋಟದ ನಾಯಿ ಕಳ್ಳನ ಜೊತೆ ಮನೆಯವರನ್ನೂ ಕಚ್ಚಬಹುದು. ಕರುಳು, ಶ್ವಾಸಕೋಶ, ಥೈರಾಯ್ಡ್, ಯಕೃತ್ತು, ಎಲ್ಲಿ ಬೇಕಾದರೂ.

ನಾಲ್ಕನೇ ಇಂಜೆಕ್ಷನ್ ಆದಮೇಲೆ ಅವ್ವನಿಗೆ ಭೇದಿ ಶುರುವಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ‘ಏನು ತಿಂದ್ರಿ’ ಅಂತ ಕೇಳಿ ಭೇದಿ ನಿಲ್ಲುವ ಮಾತ್ರೆ ಕೊಟ್ಟರು. ಇಮ್ಯುನೋಥೆರಪಿ ನಡೀತಿದೆ ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೂರು ದಿನ ಕಳೆಯಿತು. ದಿನಕ್ಕೆ ಎಂಟು ಸಲ ಆದಾಗ ಬೆಂಗಳೂರಿಗೆ ಫೋನ್ ಮಾಡಿದೆ. ‘ತಕ್ಷಣ ಕರ್ಕೊಂಡು ಬನ್ನಿ, ಸ್ಟೀರಾಯ್ಡ್ ಬೇಕಾಗುತ್ತೆ’ ಅಂದರು. ಇಂಥ ಭೇದಿ, ಉಸಿರಾಟದ ಕಷ್ಟ, ಮೈಮೇಲೆ ಗುಳ್ಳೆ, ಕಣ್ಣು ಹಳದಿ, ಏಳಲಾಗದ ಸುಸ್ತು ಯಾವುದೇ ಆಗಲಿ, ಕ್ಯಾನ್ಸರ್ ಡಾಕ್ಟ್ರಿಗೆ ಅವತ್ತೇ ತಿಳಿಸಿ. ಇಂಜೆಕ್ಷನ್ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರಬಹುದು.

ಮನೆಗೆ ಬಂದ ಮೇಲೆ ಅಂಗಡಿಯಲ್ಲೇ ಒಂದು ಚೀಟಿ ಟೈಪ್ ಮಾಡಿದೆ. ಮೇಲೆ ದಪ್ಪಕ್ಷರದಲ್ಲಿ ‘ಇವರಿಗೆ ಇಮ್ಯುನೋಥೆರಪಿ ಕೊಟ್ಟಿದೆ’. ಕೆಳಗೆ ಔಷಧಿಯ ಹೆಸರು, ಕೊನೆಯ ಇಂಜೆಕ್ಷನ್ ತಾರೀಕು, ಬೆಂಗಳೂರಿನ ಡಾಕ್ಟರ ನಂಬರ್. ಎರಡು ಕಾಪಿ ಲ್ಯಾಮಿನೇಷನ್ ಮಾಡಿದೆ. ಒಂದು ಫೈಲಿನಲ್ಲಿದೆ. ಇನ್ನೊಂದು ಅವ್ವನ ಸಂಚಿಯಲ್ಲಿ, ಮೊದಲು ಹೊಗೆಸೊಪ್ಪು ಇಡುತ್ತಿದ್ದಳಲ್ಲ, ಆ ಅರೆಯಲ್ಲಿ.