ಕಲ್ಲುಪ್ಪನ್ನು ಮನೆಯಲ್ಲೇ ಶುದ್ಧಗೊಳಿಸುವುದು ಹೇಗೆ?

ಒಂದು ಹಿಡಿ ಕಲ್ಲುಪ್ಪನ್ನು ಗಾಜಿನ ಲೋಟದ ನೀರಿನಲ್ಲಿ ಕರಗಿಸಿ, ಕದಲಿಸದೆ ಒಂದು ಗಂಟೆ ಬಿಟ್ಟು ನೋಡಿ. ಎಷ್ಟೋ ಸಲ ತಳದಲ್ಲಿ ಕಂದು ಬಣ್ಣದ ಗಸಿ, ಮೇಲೆ ಒಂದೆರಡು ಕಡ್ಡಿ ಕಾಣುತ್ತವೆ. ಕಣ್ಣಿಗೆ ಬೀಳುವ ಈ ಕಸವನ್ನು ತೆಗೆಯುವುದು ಸುಲಭ. ಉಪ್ಪಿನ ಜೊತೆ ತಾವೂ ಕರಗಿಹೋಗುವ ಮೆಗ್ನೀಸಿಯಂ ಲವಣಗಳೇ ನಿಜವಾದ ತೊಡಕು. ಕಲ್ಲುಪ್ಪಿನ ತುಸು ಕಹಿಗೂ ಅದು ಡಬ್ಬಿಯಲ್ಲಿ ನೀರೊಡೆಯುವುದಕ್ಕೂ ಮುಖ್ಯ ಕಾರಣ ಇವೇ. ಎಂಥ ಬಟ್ಟೆಯಲ್ಲಿ ಸೋಸಿದರೂ ಇವು ನೀರಿನೊಂದಿಗೆ ಇಳಿದುಹೋಗುತ್ತವೆ. ಇವನ್ನು ಹೊರಗಿಡಲು ಹರಳುಗಟ್ಟಿಸುವುದೊಂದೇ ಮನೆಯಲ್ಲಿ ಸಾಧ್ಯವಿರುವ ದಾರಿ.

100 ಗ್ರಾಂ ಕಲ್ಲುಪ್ಪಿಗೆ 300 ಮಿಲಿಲೀಟರ್ ಬಿಸಿನೀರು ಸಾಕು. 100 ಮಿಲಿಲೀಟರ್ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಹೆಚ್ಚು ನೀರು ಹಾಕಿದರೆ ಮುಂದೆ ಅದನ್ನೆಲ್ಲ ಆರಿಸಬೇಕಾಗುತ್ತದೆ. ಉಪ್ಪು ಪೂರ್ತಿ ಕರಗಿದ ಮೇಲೆ ರಾತ್ರಿಯಿಡೀ ತಂಗಲು ಬಿಡಿ. ಬೆಳಿಗ್ಗೆ ಪಾತ್ರೆಯನ್ನು ಮೆಲ್ಲಗೆ ಬಾಗಿಸಿ ತಿಳಿಯನ್ನಷ್ಟೇ ಬಸಿದುಕೊಳ್ಳಿ. ಆಮೇಲೆ ಆಲಿಕೆಯ ಕುತ್ತಿಗೆಗೆ ಹತ್ತಿ ತುರುಕಿ, ಅದರ ಮೂಲಕ ತಿಳಿಯನ್ನು ಇಳಿಸಿ. ಮೊದಲೇ ಗಸಿಸಮೇತ ಸುರಿದರೆ ಹತ್ತಿ ಕಟ್ಟಿಕೊಂಡು ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಸೋಸಿದ ನೀರನ್ನು ಅಗಲವಾದ ಗಾಜಿನ ಅಥವಾ ಪಿಂಗಾಣಿ ತಟ್ಟೆಗೆ ಸುರಿದು, ತೆಳುಬಟ್ಟೆ ಮುಚ್ಚಿ ಬಿಸಿಲಿಗಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಉಪ್ಪುನೀರು ಅದನ್ನು ತಿನ್ನುತ್ತದೆ. ಉಪ್ಪು ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ನೀರಿಗೆ ಆವಿಯಾಗಲು ಬರಿಯ ಬಿಸಿಲು ಸಾಕು. ಈ ದೊಡ್ಡ ಅಂತರದಿಂದಾಗಿಯೇ ನೀರು ಒಂಟಿಯಾಗಿ ಹೊರಟುಹೋಗುತ್ತದೆ. ಆ ನೀರೂ ಬೇಕೆನಿಸಿದರೆ ಅದಕ್ಕೆ ಬಟ್ಟಿ ಇಳಿಸುವ ವಿಧಾನವಿದೆ: ಉಪ್ಪುನೀರನ್ನು ಕುದಿಸಿ, ಆವಿಯನ್ನು ತಂಪುಮಾಡಿ, ಮತ್ತೆ ನೀರಾಗಿಸಿ ಹಿಡಿದುಕೊಳ್ಳುವುದು.

ತಟ್ಟೆಯನ್ನು ಆಗಾಗ ಹತ್ತಿರದಿಂದ ನೋಡಿ, ಈ ಕೆಲಸದ ಸೊಗಸೆಲ್ಲ ಇಲ್ಲೇ ಇದೆ. ಮೊದಲು ನೀರಿನ ಮೇಲೆ ಸಾಸಿವೆಗಿಂತ ಚಿಕ್ಕ ಚೌಕಗಳು ತೇಲುತ್ತವೆ. ನೀರಿನ ಮೇಲ್ಮೈ ಎಳೆತ ಅವನ್ನು ಮುಳುಗಗೊಡುವುದಿಲ್ಲ. ಅವು ಅಂಚಿನಲ್ಲಿ ಬೆಳೆಯುತ್ತ, ನಡುವೆ ತಗ್ಗಾಗುತ್ತ, ತಲೆಕೆಳಗಾದ ಪುಟ್ಟ ಪಿರಮಿಡ್ಡುಗಳಾಗಿ ಕೊನೆಗೊಮ್ಮೆ ತಳ ಸೇರುತ್ತವೆ. ಸೋಡಿಯಂ ಮತ್ತು ಕ್ಲೋರಿನ್ ಅಯಾನುಗಳು ಘನಾಕಾರದಲ್ಲಿ ಸಾಲುಗಟ್ಟಿ ಕೂರುವಾಗ ಮೆಗ್ನೀಸಿಯಂಗೆ ಆ ಸಾಲಿನಲ್ಲಿ ಜಾಗ ಸಿಗುವುದು ಕಷ್ಟ. ಅದು ನೀರಿನಲ್ಲೇ ಉಳಿಯುತ್ತದೆ. ಅವಸರಪಟ್ಟು ಒಲೆಯ ಮೇಲೆ ಕುದಿಸಿದರೆ ಹರಳುಗಳು ಅಡ್ಡಾದಿಡ್ಡಿ ಬೆಳೆದು, ಕೊಳೆನೀರನ್ನು ಹೊಟ್ಟೆಯೊಳಗೇ ಸೇರಿಸಿಕೊಂಡುಬಿಡುತ್ತವೆ.

ಇನ್ನು ಬಹುತೇಕರು ಎಡವುವ ಘಟ್ಟ. ತಟ್ಟೆಯನ್ನು ಪೂರ್ತಿ ಒಣಗಿಸಬೇಡಿ! ಒಣಗಿಸಿದರೆ ನೀರಿನಲ್ಲಿ ಉಳಿದಿದ್ದ ಕಹಿ ಲವಣವೆಲ್ಲ ಹರಳಿನ ಮೈಗೇ ಮೆತ್ತಿಕೊಂಡು, ಪಟ್ಟ ಶ್ರಮ ವ್ಯರ್ಥವಾಗುತ್ತದೆ. ಸುಮಾರು 30 ಮಿಲಿಲೀಟರ್ ಉಳಿದಾಗ ಆ ನೀರನ್ನು ಬಸಿದು ಚೆಲ್ಲಿ. ಅದರೊಂದಿಗೆ ಹತ್ತು ಗ್ರಾಂನಷ್ಟು ಉಪ್ಪು ಹೋಗುತ್ತದೆ, ಹೋಗಲಿ. ಹೂವಿನ ಕುಂಡಕ್ಕೆ ಮಾತ್ರ ಸುರಿಯಬೇಡಿ. ಬಳಿಕ ಹರಳುಗಳ ಮೇಲೆ ಎರಡು ಟೀ ಚಮಚ ತಣ್ಣೀರು ಹರಿಸಿ, ತಕ್ಷಣ ಬಸಿದು, ಬಟ್ಟೆಯ ಮೇಲೆ ಹರಡಿ ಒಣಗಿಸಿ.

ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಯಾವ ಆಗರದಲ್ಲೇ ಆಗಲಿ, ಉಪ್ಪು ತಯಾರಾಗುವುದು ಇದೇ ನಿಯಮದಿಂದ. ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುವ ಸಮುದ್ರದ ನೀರು ಬಿಸಿಲಿಗೆ ಗಟ್ಟಿಯಾಗುತ್ತ ಬಂದಂತೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ, ನಂತರ ಉಪ್ಪು ಬೇರ್ಪಡುತ್ತವೆ. ಮೆಗ್ನೀಸಿಯಂ ಲವಣಗಳ ಸರದಿ ಕೊನೆಗೆ. ಉಪ್ಪನ್ನು ಎಳೆದುಕೊಳ್ಳಲು ಸರಿಯಾದ ಹೊತ್ತನ್ನು ಗುರುತಿಸುವುದರಲ್ಲೇ ಆಗರದ ಕೆಲಸಗಾರರ ಕಸುಬುದಾರಿಕೆ ಇದೆ. ಅದನ್ನು ಬರಿಯ ಮೈಮುರಿಯುವ ದುಡಿಮೆ ಎಂದು ಕಾಣುವುದು ಅನ್ಯಾಯ.

ಕುದಿಯುವ ನೀರಿನಲ್ಲಿ ಉಪ್ಪನ್ನು ಕರಗಿಸಿ ತಣಿಸಿದರೆ ಸಾಲದೇ ಎಂದು ಮಕ್ಕಳು ಕೇಳಬಹುದು. ಒಳ್ಳೆಯ ಪ್ರಶ್ನೆ. 100 ಮಿಲಿಲೀಟರ್ ಕುದಿನೀರಿನಲ್ಲೂ ಉಪ್ಪು ಕರಗುವುದು 39 ಗ್ರಾಂನಷ್ಟೇ. ತಣಿದಾಗ ಹೊರಬರುವುದು ಮೂರು ಗ್ರಾಂ! ಪಟಿಕದ ಕಥೆ ಬೇರೆ. ಅದು ಬಿಸಿನೀರಿನಲ್ಲಿ ಹಲವು ಪಟ್ಟು ಹೆಚ್ಚು ಕರಗುವುದರಿಂದ, ತಣಿಸಿದರೆ ಸಾಕು, ಹರಳುಗಳು ಧಾರಾಳವಾಗಿ ಇಳಿಯುತ್ತವೆ. ಕರ್ಪೂರವಂತೂ ದ್ರವವಾಗದೆ ನೇರವಾಗಿ ಆವಿಯಾಗಬಲ್ಲದು, ಅದನ್ನು ಮರಳಿನಿಂದ ಬೇರ್ಪಡಿಸಲು ನೀರೇ ಬೇಡ. ಆದರೆ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಆ ಪ್ರಯೋಗ ಶಾಲೆಯಲ್ಲಿ, ಶಿಕ್ಷಕರ ಎದುರೇ ನಡೆಯಲಿ.

ನಿಮ್ಮ ಉಪ್ಪು ಎಷ್ಟು ಶುದ್ಧವಾಗಿದೆ ಎಂದು ತಿಳಿಯಲು ಹಳೆಯದನ್ನೂ ಹೊಸದನ್ನೂ ಎರಡು ತಟ್ಟೆಗಳಲ್ಲಿ ಪಕ್ಕಪಕ್ಕ ಇಡಿ. ಶುದ್ಧ ಉಪ್ಪು ನೀರೊಡೆಯಲು ಗಾಳಿಯ ತೇವ ಶೇ 75 ದಾಟಬೇಕು. ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ 33 ಸಾಕು. ಮಳೆಗಾಲದ ಕರಾವಳಿಯಲ್ಲಿ ಎರಡೂ ಒದ್ದೆಯಾಗುವುದರಿಂದ ಅಲ್ಲಿನವರು ಈ ಪರೀಕ್ಷೆಯನ್ನು ಒಣಹವೆಯ ದಿನಗಳಲ್ಲಿ ಮಾಡುವುದು ಒಳ್ಳೆಯದು. ಹೀಗೆ ಪಡೆದ ಉಪ್ಪಿಗೆ ಅಯೋಡಿನ್ ಸೇರಿಸಿರುವುದಿಲ್ಲ. ದಿನದ ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ.